ಚಿಬ್ಬು ರೋಗ: ಕಲೆ ಕಾಣುವ ಮೊದಲೇ ಆಗಿರುವ ಸೋಂಕು

ಪ್ರಶ್ನೆ: ಕುಂಡದಲ್ಲಿರುವ ಆಂಥೂರಿಯಂ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಬಿಸಿಲಿನಿಂದಾಗಿರಬಹುದೆಂದು ಗಿಡವನ್ನು ನೆರಳಿಗೆ ಸರಿಸಿ, ಪ್ರತಿ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದೇನೆ. ಆದರೂ ಕಲೆಗಳು ಹೆಚ್ಚುತ್ತಿವೆ. ಇದು ರೋಗವೇ?

ಉತ್ತರ: ಆಂಥ್ರಾಕ್ನೋಸ್, ಅಂದರೆ ಚಿಬ್ಬು ರೋಗ ತಗುಲಿರುವ ಸಾಧ್ಯತೆಯೇ ಹೆಚ್ಚು. ಬಿಸಿಲಿಗೆ ಸುಟ್ಟ ಕಲೆ ಗಿಡವನ್ನು ನೆರಳಿಗೆ ತಂದ ಮೇಲೆ ಹರಡುವುದಿಲ್ಲ. ರೋಗದ ಕಲೆ ಎಲ್ಲಿಟ್ಟರೂ ಹಿಗ್ಗುತ್ತಲೇ ಹೋಗುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಕಲೆಯಲ್ಲಿ ಒಂದರೊಳಗೊಂದು ಉಂಗುರಗಳೂ, ಅವುಗಳ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳೂ ಕಾಣಬಹುದು. ಸಂಶಯವಿದ್ದರೆ ಅಂತಹ ಒಂದು ಎಲೆಯನ್ನು ಒದ್ದೆ ಹತ್ತಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ಮೂರು ದಿನ ಇಡಿ. ಚುಕ್ಕೆಗಳಿಂದ ನಸುಗೆಂಪು ಅಥವಾ ಕಿತ್ತಳೆ ಬಣ್ಣದ ಲೋಳೆ ಉಕ್ಕಿ ಬಂದರೆ ಅದು ಈ ರೋಗ ತರುವ ಕೊಲೆಟೋಟ್ರೈಕಮ್ ಶಿಲೀಂಧ್ರದ ಬೀಜಾಣುಗಳ ರಾಶಿಯೆಂದು ತಿಳಿಯಬಹುದು.

ಈ ಬೀಜಾಣುಗಳು ಅಂಟಿನಲ್ಲಿ ಹುದುಗಿರುವುದರಿಂದ ಒಣಗಾಳಿಯಲ್ಲಿ ಸುಲಭವಾಗಿ ಹಾರುವುದಿಲ್ಲ. ನೀರಿನ ಹನಿ ಬಿದ್ದು ಚಿಮ್ಮಿದಾಗಲೇ ಪಕ್ಕದ ಎಲೆಗೆ ದಾಟುತ್ತವೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ವಾತಾವರಣದಲ್ಲಿ ಎಲೆ ಹನ್ನೆರಡು ಗಂಟೆಗಳಷ್ಟು ಕಾಲ ಒದ್ದೆಯಾಗಿದ್ದರೆ ಸೋಂಕಿಗೆ ಅಷ್ಟೇ ಸಾಕು. ಸಂಜೆ ಚಿಮುಕಿಸಿದ ನೀರು ರಾತ್ರಿಯಿಡೀ ಆರದೆ ಉಳಿದು ರೋಗಕ್ಕೆ ದಾರಿ ಮಾಡಿಕೊಡುತ್ತದೆ. ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ, ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ನೀರುಣಿಸಿ. ಕಲೆಯಾದ ಎಲೆಗಳನ್ನು ಗಿಡದ ಮೇಲೆ ನೀರಿನ ಪಸೆ ಇಲ್ಲದಿರುವಾಗ ಕತ್ತರಿಸಿ ತೆಗೆದು, ಪ್ರತಿ ಗಿಡದ ನಂತರ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.

ಪ್ರಶ್ನೆ: ಮಾವಿನ ಕಾಯಿಗಳನ್ನು ಕೊಯ್ಯುವಾಗ ಒಂದು ಚುಕ್ಕೆಯೂ ಇರುವುದಿಲ್ಲ. ಹಣ್ಣಾಗುವಷ್ಟರಲ್ಲಿ ಸಿಪ್ಪೆಯ ತುಂಬ ಕಪ್ಪು ಕಲೆಗಳು. ಸಂಗ್ರಹಿಸಿಟ್ಟ ಜಾಗದಲ್ಲಿ ದೋಷವಿದೆಯೇ?

ಉತ್ತರ: ಜಾಗವನ್ನು ದೂರಬೇಡಿ, ಸೋಂಕು ಮರದಲ್ಲೇ ಆಗಿದೆ. ಎಳೆಗಾಯಿಯ ಮೇಲೆ ಬಿದ್ದ ಬೀಜಾಣು ಮೊಳೆತು, ಗಾಢ ಬಣ್ಣದ ದಪ್ಪ ಗೋಡೆಯ ಒಂದು ಕೋಶವನ್ನು ರಚಿಸಿಕೊಂಡು ಸಿಪ್ಪೆಗೆ ಭದ್ರವಾಗಿ ಅಂಟಿಕೊಳ್ಳುತ್ತದೆ. ಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ರಾಸಾಯನಿಕಗಳಿರುವುದರಿಂದ ಅದು ಮುಂದುವರಿಯಲಾರದೆ, ಆದರೆ ಸಾಯದೆ, ವಾರಗಟ್ಟಲೆ ಸುಪ್ತವಾಗಿ ಉಳಿಯುತ್ತದೆ. ಕಾಯಿ ಹಣ್ಣಾಗುತ್ತಾ ಆ ರಾಸಾಯನಿಕಗಳು ಕುಗ್ಗಿದಾಗ ಎಚ್ಚೆತ್ತು ತಿರುಳಿಗೆ ಇಳಿಯುತ್ತದೆ. ತೊಟ್ಟಿನಿಂದ ಕೆಳಕ್ಕೆ ಕಣ್ಣೀರಿನಂತೆ ಇಳಿದ ಕಪ್ಪು ಗೆರೆಗಳಿದ್ದರೆ, ಒಣಗಿದ ರೆಂಬೆ ಮತ್ತು ಹೂಗೊಂಚಲುಗಳಿಂದ ಮಳೆನೀರು ಬೀಜಾಣುಗಳನ್ನು ಹೊತ್ತು ತಂದಿದೆಯೆಂದೇ ಅರ್ಥ.

ಆದ್ದರಿಂದ ಹೂ ಬಿಡುವ ಮುನ್ನವೇ ಒಣರೆಂಬೆಗಳನ್ನು ಸವರಿ ತೋಟದಿಂದ ಹೊರಗೆ ಸಾಗಿಸಬೇಕು; ಶಿಲೀಂಧ್ರನಾಶಕದ ರಕ್ಷಣೆಯೂ ಹೂಗೊಂಚಲು ಮತ್ತು ಎಳೆಗಾಯಿಯ ಹಂತದಲ್ಲಿ ಸಿಗಬೇಕು. ಕೊಯ್ಲಿನ ಹೊತ್ತಿಗೆ ಸಿಂಪಡಿಸುವುದರಿಂದ ಹಣ ಪೋಲಾಗುವುದರ ಜೊತೆಗೆ ಹಣ್ಣಿನಲ್ಲಿ ವಿಷದ ಶೇಷವೂ ಉಳಿಯುತ್ತದೆ. ಕೊಯ್ದ ಕೂಡಲೇ ಕಾಯಿಗಳನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿಟ್ಟು ಆರಿಸುವುದು ಸುಪ್ತ ಸೋಂಕನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಶಾಖವನ್ನು ಉಷ್ಣಮಾಪಕದಿಂದಲೇ ಅಳೆಯಿರಿ, ಏಕೆಂದರೆ ಕೆಲವೇ ಡಿಗ್ರಿ ಹೆಚ್ಚಾದರೂ ಸಿಪ್ಪೆ ಬೆಂದುಹೋಗುತ್ತದೆ.

ಪ್ರಶ್ನೆ: ಮೆಣಸಿನಕಾಯಿಯ ಚಿಬ್ಬಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ಪದೇ ಪದೇ ಸಿಂಪಡಿಸಿದರೂ ಹತೋಟಿಗೆ ಬರುತ್ತಿಲ್ಲ. ಬೀಜ ನಮ್ಮ ಹಿಂದಿನ ಬೆಳೆಯದೇ.

ಉತ್ತರ: ರೋಗ ಬೀಜದ ಜೊತೆಗೇ ಬಂದಿರಬಹುದು. ಬೀಜಕ್ಕಾಗಿ ಕಲೆಯಿಲ್ಲದ ಹಣ್ಣುಗಳನ್ನಷ್ಟೇ ಆರಿಸಿ, ಬಿತ್ತುವ ಮುನ್ನ ಬೀಜೋಪಚಾರ ಮಾಡಿ. ಒಂದೇ ಗುಂಪಿನ ಔಷಧಿಯನ್ನು ಬಿಡದೆ ಬಳಸಿದರೆ ಅದನ್ನು ತಾಳಿಕೊಳ್ಳುವ ಶಿಲೀಂಧ್ರಗಳೇ ಉಳಿದು ಹೆಚ್ಚುತ್ತವೆ. ಕಾರ್ಬೆಂಡಜಿಮ್ ವಿಷಯದಲ್ಲಿ ಹೀಗಾಗಿರುವುದು ಹಲವೆಡೆ ಕಂಡುಬಂದಿದೆ. ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ, ನಿಮ್ಮ ಬೆಳೆಗೆ ಶಿಫಾರಸಾದ ಔಷಧಿಗಳನ್ನು ಸರದಿಯಂತೆ ಬಳಸಿ. ಕೊಳೆತ ಕಾಯಿಗಳನ್ನು ಸಾಲಿನಲ್ಲೇ ಬಿಟ್ಟು ಸಿಂಪಡಿಸಿದರೆ ಯಾವ ಔಷಧಿಯೂ ಫಲ ಕೊಡದು.

ಪ್ರಶ್ನೆ: ಹುರುಳಿಕಾಯಿಗೆ ಬಂದ ಚಿಬ್ಬು ಪಕ್ಕದ ಮೆಣಸಿನ ಗಿಡಕ್ಕೂ ಹರಡುವುದೇ?

ಉತ್ತರ: ಹರಡುವ ಸಂಭವ ಕಡಿಮೆ. ಹುರುಳಿಕಾಯಿಯ ಚಿಬ್ಬು ರೋಗವನ್ನು ತರುವ ಪ್ರಭೇದವೇ ಬೇರೆ, ಅದು ಮುಖ್ಯವಾಗಿ ಹುರುಳಿಕಾಯಿಯ ಜಾತಿಗೇ ಅಂಟಿಕೊಂಡಿರುತ್ತದೆ. ಆದರೆ ಮಾವು, ಪಪ್ಪಾಯಿ ಮತ್ತು ಅನೇಕ ಅಲಂಕಾರಿಕ ಗಿಡಗಳನ್ನು ಕಾಡುವ ಗುಂಪಿನಲ್ಲಿ ಹಲವು ಬಗೆಯ ಗಿಡಗಳಿಗೆ ತಗಲುವ ಪ್ರಭೇದಗಳಿವೆ. ಮಾವು, ಪಪ್ಪಾಯಿಯಂತಹ ಗಿಡಗಳ ಒಣ ಎಲೆಗಳನ್ನು ತರಕಾರಿ ಮಡಿಗೆ ಮುಚ್ಚಿಗೆಯಾಗಿ ಹಾಸಬೇಡಿ.