ಮಕ್ಕಳಿರುವಾಗ ವಯಸ್ಸಾದವರಿಗೆ ಸರ್ಕಾರದ ಸೇವೆ ಯಾಕೆ ಬೇಕು?

ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ, ಅದಕ್ಕೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳಿದ್ದೀರಿ. ಕರ್ತವ್ಯ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂಡಿಗೆರೆ ಕಡೆಯ ನಮ್ಮೂರಿಗೆ ಬಂದು ನೋಡಿ, ಮಕ್ಕಳು ಊರಲ್ಲೇ ಇಲ್ಲ. 2001ರಿಂದ 2011ರೊಳಗೆ ಕರ್ನಾಟಕದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆಯಿತು, ನಮ್ಮ ಚಿಕ್ಕಮಗಳೂರು ಜಿಲ್ಲೆಯದು ಮಾತ್ರ ಮೊದಲಿಗಿಂತ ಕಡಿಮೆಯಾಯಿತು. ಪಕ್ಕದ ಹಾಸನದ್ದು ಶೇ 3ರ ಆಸುಪಾಸಿನಲ್ಲಿ ನಿಂತಿತು. ಓದಿದವರು ಬೆಂಗಳೂರು, ಮಂಗಳೂರು ಸೇರಿದರು. ತೋಟದ ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಗಂಡ ಹೆಂಡತಿ, ಎಷ್ಟೋ ಕಡೆ ಒಬ್ಬರೇ.

ಈ ಮಕ್ಕಳು ಕೆಟ್ಟವರಲ್ಲ. ದುಡ್ಡು ಕಳಿಸುತ್ತಾರೆ, ದಿನಾ ಫೋನ್ ಮಾಡುತ್ತಾರೆ. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ಆ ಫೋನೂ ಇಲ್ಲ. ನಮ್ಮ ಪಕ್ಕದ ತೋಟದ ಅಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗೇ ಆಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ದಿನಾ ಎಬ್ಬಿಸಿ ನಡೆಸುವವರು ಯಾರು, ಸ್ನಾನ ಮಾಡಿಸುವವರು ಯಾರು, ಬೆನ್ನು ಹುಣ್ಣಾಗದಂತೆ ರಾತ್ರಿಯೆಲ್ಲ ಮಗ್ಗುಲು ತಿರುಗಿಸುವವರು ಯಾರು? ಮಗಳು ರಜೆ ಹಾಕಿ ಬಂದಳು, ರಜೆ ಮುಗಿಯಿತು. ಎಷ್ಟು ಸಂಬಳವಾದರೂ ಸರಿ ಎಂದರೂ ತೋಟದ ಮನೆಗೆ ಬಂದು ಇರುವ, ಕೆಲಸ ಗೊತ್ತಿದ್ದವರು ಸಿಗಲಿಲ್ಲ. ಕೊನೆಗೆ ಅಕ್ಕಪಕ್ಕದ ಮನೆಯವರೇ ಸರದಿ ಹಾಕಿಕೊಂಡೆವು. ನಮಗೆ ಮನಸ್ಸಿತ್ತು, ಹೇಗೆ ಎತ್ತಬೇಕು ಹೇಗೆ ಕೂರಿಸಬೇಕು ಎಂದು ಕಲಿಸಿಕೊಡುವವರು ಇರಲಿಲ್ಲ.

ಲೈನ್ ಮನೆಯವರ, ಅಂದರೆ ತೋಟದ ಮಾಲೀಕರು ಕೊಟ್ಟ ಸಾಲುಮನೆಗಳಲ್ಲಿರುವ ಕೂಲಿಯವರ ಪಾಡು ಇನ್ನೂ ಕಠಿಣ. ಮೈಯಲ್ಲಿ ಕಸುವಿರುವ ತನಕ ಕಾಫಿ ಕೊಯ್ದವರಿಗೆ ಕೆಲಸ ನಿಂತ ಮೇಲೆ ಇದ್ದ ಮನೆಯೂ ತಮ್ಮದಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಎಂಬ ಸರ್ಕಾರಿ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ಅದು ಜಮಾ ಆಗಬೇಕಾದರೆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ರೇಷನ್ ಬೇಕಾದರೆ ಹೆಬ್ಬೆಟ್ಟು ಒತ್ತಬೇಕು. ದುಡಿದು ದುಡಿದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದಾಗ ಆ ಮುದುಕರು ತಾವೇ ಏನೋ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಾರೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನೋಡಿಕೊಳ್ಳದ ಮಕ್ಕಳೂ ಇದ್ದಾರೆ, ಅವರಿಗೆ ಕಾನೂನಿದೆ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಆಸ್ತಿ ಬರೆದುಕೊಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಮಾತು ತಪ್ಪಿದರೆ ಅದನ್ನು ರದ್ದು ಮಾಡಿಸಲು ಇದೇ ಕಾಯ್ದೆಯಲ್ಲಿ ದಾರಿ ಇದೆ. ಆದರೆ ಯಾವ ಆದೇಶವೂ ರಾತ್ರಿ ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯರೇ ಬೇಕು.

ಕೇರಳ ಇದನ್ನು ಮಾಡಿ ತೋರಿಸಿದೆ. ಅಲ್ಲಿ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ಕೆಲಸಕ್ಕೆ ನೀತಿ ಬಂತು. ಪಂಚಾಯಿತಿಗಳ ಮೂಲಕ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆಯುತ್ತಾರೆ, ಮನೆಯವರಿಗೂ ಕಲಿಸಿಕೊಡುತ್ತಾರೆ. ವಯನಾಡಿನ ಗುಡ್ಡಕ್ಕೂ ನಮ್ಮ ಗುಡ್ಡಕ್ಕೂ ಏನು ಮಹಾ ವ್ಯತ್ಯಾಸ? ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೊರಿಸಬೇಡಿ, ಅವರಿಗೆ ಬಾಣಂತಿ, ಮಕ್ಕಳ ಕೆಲಸವೇ ಕುತ್ತಿಗೆವರೆಗಿದೆ. ಊರಲ್ಲೇ ಇರುವ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಸರಿಯಾದ ಸಂಬಳ ಕೊಟ್ಟು, ಪಂಚಾಯಿತಿಗೆ ಇಬ್ಬರನ್ನಾದರೂ ನೇಮಿಸಲಿ. ಸರ್ಕಾರದ ಖರ್ಚು ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರೆದು ಕೊಟ್ಟಿದ್ದೇವೆ, ನೀವೂ ನಿಮ್ಮೂರಲ್ಲಿ ಕೊಡಿ. ಅಷ್ಟರಲ್ಲಿ ಯಾರಿಗಾದರೂ ನೆರವು ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.