ಮೀನಿನವರ ಹಾರ್ನ್‌ಗೆ ಮಾತ್ರ ಬೆಕ್ಕು ಓಡಿಬರುವುದು ಹೇಗೆ?

ನಿರೀಕ್ಷಿಸಿದ್ದಕ್ಕೂ ನಿಜವಾಗಿ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದಿಂದಲೇ ಬೆಕ್ಕು ಇದನ್ನು ಕಲಿಯುತ್ತದೆ. ಉಡುಪಿಯ ಓಣಿಯಲ್ಲಿ ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದ ಬಳಿಕ ಬೂತಾಯಿಯ ತಲೆ ಸಿಕ್ಕಿ ರುಚಿ ಹತ್ತಿದ ಬೆಕ್ಕು, ಮೊದಮೊದಲು ಅದನ್ನು ಹೋಲುವ ಯಾವ ಹಾರ್ನ್ ಕೇಳಿದರೂ ಗೇಟಿನತ್ತ ಓಡುತ್ತದೆ. ಗ್ಯಾಸ್ ಸಿಲಿಂಡರಿನ ಗಾಡಿಯ ಹತ್ತಿರ ಹೋಗಿ ಏನೂ ಸಿಗದೆ ಮರಳಿದಾಗಲೆಲ್ಲ ಆ ಸದ್ದಿನ ಮೇಲಿನ ನಿರೀಕ್ಷೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಪ್ರಾಣಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳು ಅನಿರೀಕ್ಷಿತವಾಗಿ ಆಹಾರ ಸಿಕ್ಕಾಗ ಚುರುಕಾಗುತ್ತವೆ, ನಿರೀಕ್ಷೆ ಹುಸಿಯಾದಾಗ ಮಂಕಾಗುತ್ತವೆ. ಹಾಗಾಗಿ, ವಿಚಿತ್ರವೆನಿಸಿದರೂ, ಏನೂ ಸಿಗದ ಸದ್ದುಗಳೂ ಕಲಿಕೆಗೆ ಬೇಕೇ ಬೇಕು. ಸಂಕೇತಗಳು ತೀರ ಹೋಲಿದರೆ ಮಾತ್ರ ಕಷ್ಟ: ಪ್ರಾಣಿಗಳ ಕಲಿಕೆಯನ್ನು ಅಧ್ಯಯನ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ, ಆಹಾರದ ಸಂಕೇತವಾದ ವೃತ್ತವನ್ನೂ ಆಹಾರ ಸಿಗದ ದೀರ್ಘವೃತ್ತವನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದ ನಾಯಿ, ದೀರ್ಘವೃತ್ತದ ಉದ್ದಗಲಗಳ ಅನುಪಾತ 9:8ಕ್ಕೆ ಬಂದಾಗ ಸೋತಿತು.