ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಲ್ಲುವ ಮುನ್ನ: ಫಾರ್ಮಸಿಸ್ಟ್ ನೋಂದಣಿ ಕುರಿತ ಪ್ರಶ್ನೋತ್ತರ

ಪ್ರಶ್ನೆ: ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಎರಡೂ ವರ್ಷ ಪಾಸಾಗಿದೆ. ಸೋದರಮಾವನ ಮೆಡಿಕಲ್ ಶಾಪ್‌ನಲ್ಲಿ ದಿನಕ್ಕೆ 9 ಗಂಟೆಯಂತೆ 56 ದಿನ ದುಡಿದು 500 ಗಂಟೆ ತರಬೇತಿ ಮುಗಿಸಿದೆ. ಆದರೂ ಕಾಲೇಜಿನವರು ತರಬೇತಿ ಪತ್ರಕ್ಕೆ ಸಹಿ ಹಾಕುತ್ತಿಲ್ಲ. ಗಂಟೆ ಲೆಕ್ಕ ಸರಿ ಇದೆಯಲ್ಲವೇ?
– ಓದುಗ, ಕೊಪ್ಪಳ

ಉತ್ತರ: ಗಂಟೆ ಸರಿ ಇದೆ, ಅವಧಿ ಸಾಲದು. 500 ಗಂಟೆಯನ್ನು ಕನಿಷ್ಠ ಮೂರು ತಿಂಗಳಲ್ಲಿ ಹರಡಿ ಮುಗಿಸಬೇಕು ಎಂದು ನಿಯಮವೇ ಹೇಳುತ್ತದೆ. ಎರಡು ತಿಂಗಳೊಳಗೆ ಗಂಟೆ ತುಂಬಿಸಿದರೆ ಕಾಲೇಜು ಒಪ್ಪುವಂತಿಲ್ಲ. ಒಪ್ಪಿದರೂ ಮುಂದೆ ನೋಂದಣಿ ಕೊಡುವ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಕಡತ ನಿಲ್ಲುತ್ತದೆ. ಇನ್ನೊಂದು ಷರತ್ತನ್ನು ಹೆಚ್ಚಿನವರು ಮರೆಯುತ್ತಾರೆ. ಈ 500ರಲ್ಲಿ ಕನಿಷ್ಠ 250 ಗಂಟೆ ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸದಲ್ಲೇ ಕಳೆದಿರಬೇಕು. ಬಾಕ್ಸ್ ಇಳಿಸಿದ್ದು, ಬಿಲ್ ಹಾಕಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಮಾವನ ಅಂಗಡಿ ಎಂಬುದು ತೊಂದರೆಯಲ್ಲ. ಅಂಗಡಿಗೆ ಔಷಧ ಮಾರಾಟದ ಲೈಸೆನ್ಸ್ ಇರಬೇಕು, ಅಲ್ಲಿ ನೋಂದಾಯಿತ ಫಾರ್ಮಸಿಸ್ಟ್ ನಿಜವಾಗಿ ಕೆಲಸ ಮಾಡುತ್ತಿರಬೇಕು. ಶಿಕ್ಷಣ ನಿಯಮದ ಪ್ರಕಾರ ಒಬ್ಬ ಫಾರ್ಮಸಿಸ್ಟ್ ಕೈಕೆಳಗೆ ಇಬ್ಬರು ತರಬೇತಿದಾರರು ಮಾತ್ರ ಇರಬಹುದು. ಅದರ ಮೇಲೆ ಪ್ರತಿ ಹೆಚ್ಚುವರಿ ಫಾರ್ಮಸಿಸ್ಟ್‌ಗೆ ಒಬ್ಬರಂತೆ ಸೇರಿಸಬಹುದು. ಒಂದೇ ಪುಟ್ಟ ಅಂಗಡಿಯಿಂದ ಒಂದೇ ಅವಧಿಗೆ ಹತ್ತು ಹುಡುಗರ ಪತ್ರ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನೀವೀಗ ಕಾಲೇಜಿಗೆ ತಿಳಿಸಿ, ಉಳಿದ ಅವಧಿಯನ್ನು ಅದೇ ಅಂಗಡಿಯಲ್ಲಿ ಮುಂದುವರಿಸಲು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ತಾರೀಖು ತಿದ್ದಿಸುವ ದಾರಿ ಹಿಡಿಯಬೇಡಿ.

ಜೊತೆಗೆ, ಡಿ.ಫಾರ್ಮಾ ಮುಗಿದ ಮೇಲೆ ನೋಂದಣಿಗೆ ಮುನ್ನ ಪಾಸಾಗಬೇಕಾದ ಎಕ್ಸಿಟ್ ಪರೀಕ್ಷೆ. ಭಾರತೀಯ ಫಾರ್ಮಸಿ ಕೌನ್ಸಿಲ್ 2022ರಲ್ಲಿ ಇದರ ನಿಯಮ ತಂದಿತು, ಮೊದಲ ಪರೀಕ್ಷೆ 2024ರ ಅಕ್ಟೋಬರ್‌ನಲ್ಲಿ ನಡೆಯಿತು. ಮೂರು ಪತ್ರಿಕೆ, ಎಲ್ಲವೂ ಬಹು ಆಯ್ಕೆ ಪ್ರಶ್ನೆಗಳು, ಇಂಗ್ಲಿಷ್‌ನಲ್ಲೇ. ಪ್ರತಿ ಪತ್ರಿಕೆಯಲ್ಲೂ ಶೇ. 50 ಬರಬೇಕು, ಮೂರೂ ಒಂದೇ ಸಲಕ್ಕೆ ಪಾಸಾಗಬೇಕು. ಎರಡರಲ್ಲಿ ಶೇ. 80 ಬಂದು ಒಂದರಲ್ಲಿ 48 ಬಂದರೂ ಮೂರನ್ನೂ ಮತ್ತೆ ಬರೆಯಬೇಕು. ಎಷ್ಟು ಸಲ ಬೇಕಾದರೂ ಬರೆಯಬಹುದು. ನಿಮ್ಮ ಬ್ಯಾಚ್‌ಗೆ ಇದು ಅನ್ವಯಿಸುತ್ತದೆಯೇ ಎಂಬುದನ್ನು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳದೆ ಕೌನ್ಸಿಲ್‌ನ ಸುತ್ತೋಲೆ ನೋಡಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ತಮ್ಮನಿಗೆ ಹೊರರಾಜ್ಯದ ಕಾಲೇಜೊಂದರಲ್ಲಿ "ಕ್ಲಾಸಿಗೆ ಹೋಗೋದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂದು ಏಜೆಂಟರು ಸೀಟು ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಕರ್ನಾಟಕದಲ್ಲಿ ನೋಂದಣಿ ಸಿಗುತ್ತದೆಯೇ?
– ಓದುಗರು, ರಾಯಚೂರು

ಉತ್ತರ: ದಯವಿಟ್ಟು ದುಡ್ಡು ಕೊಡಬೇಡಿ. ಡಿ.ಫಾರ್ಮಾ ಪೂರ್ಣಾವಧಿ ಕೋರ್ಸ್. ಥಿಯರಿ, ಪ್ರಾಕ್ಟಿಕಲ್ ಎರಡಕ್ಕೂ ಶೇ. 75 ಹಾಜರಿ ಕಡ್ಡಾಯ. ಅಂಚೆ ತೆರಪಿನ ಶಿಕ್ಷಣಕ್ಕೆ ಇಲ್ಲಿ ಜಾಗವೇ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಕಲಾ ವಿಭಾಗದವರಿಗೂ ಸೀಟು ಕೊಡುತ್ತೇವೆ ಎಂದರೆ ಅಲ್ಲೇ ಮಾತು ಮುಗಿಸಿ.

ಹೊರರಾಜ್ಯದಲ್ಲಿ ಓದುವುದೇ ತಪ್ಪಲ್ಲ. ನೋಡಬೇಕಾದದ್ದು ಕಾಲೇಜಿಗೆ 1948ರ ಫಾರ್ಮಸಿ ಕಾಯ್ದೆಯ 12ನೇ ಕಲಮಿನಡಿ ಅನುಮೋದನೆ ಇದೆಯೇ ಎಂಬುದನ್ನು. ಇಲ್ಲಿ ಜನ ಎಡವುವುದು ಎರಡು ಕಡೆ. ಕಾಲೇಜಿನ ಹೆಸರು ಪಟ್ಟಿಯಲ್ಲಿದೆ ಎಂದು ನೆಮ್ಮದಿಯಾಗುತ್ತಾರೆ, ಆದರೆ ಅನುಮೋದನೆ ವರ್ಷಕ್ಕೂ ಕೋರ್ಸಿಗೂ ಸೀಟಿನ ಸಂಖ್ಯೆಗೂ ಕಟ್ಟಿಕೊಂಡಿರುತ್ತದೆ. ತಮ್ಮ ಸೇರುವ ವರ್ಷಕ್ಕೆ, ಡಿ.ಫಾರ್ಮಾಗೆ ಅನುಮೋದನೆ ಇರಬೇಕು. 60 ಸೀಟಿಗೆ ಅನುಮತಿ ಪಡೆದು 90 ಜನರನ್ನು ತುಂಬಿಸಿಕೊಂಡರೆ ಹೆಚ್ಚುವರಿ 30 ಮಂದಿಯ ಗತಿ ಕೊನೆಯಲ್ಲಿ ಗೊತ್ತಾಗುತ್ತದೆ. ಕಾಲೇಜಿನ ಅನುಮೋದನೆ ಸಾಲದು, ಪರೀಕ್ಷೆ ನಡೆಸುವ ಮಂಡಳಿಗೂ ಪ್ರತ್ಯೇಕ ಅನುಮೋದನೆ ಬೇಕು. ಎರಡೂ ಭಾರತೀಯ ಫಾರ್ಮಸಿ ಕೌನ್ಸಿಲ್‌ನ ಜಾಲತಾಣದಲ್ಲಿ ಸಿಗುತ್ತವೆ.

ನೋಂದಣಿ ಕೊಡುವುದು ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್. ವಯಸ್ಸು 18 ತುಂಬಿರಬೇಕು, ಕರ್ನಾಟಕದಲ್ಲಿ ವಾಸ ಅಥವಾ ವೃತ್ತಿ ಇರಬೇಕು. ಹೊರರಾಜ್ಯದ ಅಂಕಪಟ್ಟಿಯನ್ನು ಅದು ಹೊರಬಂದ ಮಂಡಳಿಗೇ ಕಳಿಸಿ ಅಸಲಿಯೇ ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಕಡತ ಕದಲುವುದಿಲ್ಲ. ಏಜೆಂಟರು ಕೊಡಿಸಿದ ಕಾಗದ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ. ಆಗ ಹೋಗುವುದು ಬರೀ ದುಡ್ಡಲ್ಲ, ಸುಳ್ಳು ದಾಖಲೆ ಸಲ್ಲಿಸಿದ ಆರೋಪ ಹುಡುಗನ ಹೆಗಲೇರುತ್ತದೆ.

ಪ್ರಶ್ನೆ: ನಾನು ನೋಂದಾಯಿತ ಫಾರ್ಮಸಿಸ್ಟ್, ಸದ್ಯ ಬೇರೆ ಕೆಲಸದಲ್ಲಿದ್ದೇನೆ. ಅಂಗಡಿಯವರೊಬ್ಬರು ಸರ್ಟಿಫಿಕೇಟ್ ಗೋಡೆಗೆ ಹಾಕಲು ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇನೆ, ನೀವು ಬರುವುದು ಬೇಡ ಎನ್ನುತ್ತಾರೆ. ಎಲ್ಲರೂ ಮಾಡುತ್ತಾರಲ್ಲ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬಹಳ ಜನ ಮಾಡುತ್ತಾರೆ. ಅದಕ್ಕೇ ಗಟ್ಟಿಯಾಗಿ ಹೇಳುತ್ತೇವೆ: ಕೊಡಬೇಡಿ. ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಔಷಧ ನಿಯಮದ 65ನೇ ನಿಯಮ ಅದು ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲಿ ಆಗಬೇಕು ಎನ್ನುತ್ತದೆ. ಗೋಡೆಯ ಮೇಲಿನ ಕಾಗದ ಮೇಲ್ವಿಚಾರಣೆ ಮಾಡಲಾರದು. ನೀವು ಹೋಗದ ಅಂಗಡಿಯಲ್ಲಿ ನಿಮ್ಮ ಸರ್ಟಿಫಿಕೇಟ್ ಬಳಕೆಯಾಗುವುದನ್ನು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ದುರ್ನಡತೆ ಎಂದೇ ಪರಿಗಣಿಸುತ್ತವೆ. ಫಾರ್ಮಸಿ ಕಾಯ್ದೆಯ 36ನೇ ಕಲಮಿನಡಿ ರಿಜಿಸ್ಟರಿನಿಂದ ಹೆಸರು ತೆಗೆಯಲು ಅದು ಸಾಕು.

ಕಾನೂನು ಬದಿಗಿರಲಿ. ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುತ್ತಾರೆ. ಓದಿಲ್ಲದ ಹುಡುಗ "ದಿನಾ ಒಂದು" ಎಂದು ಕವರ್ ಮೇಲೆ ಬರೆದುಕೊಟ್ಟರೆ ರೋಗಿಯ ಜೀವಕ್ಕೇ ಬರುತ್ತದೆ. ತನಿಖೆಗೆ ಬಂದವರು ಮೊದಲು ಓದುವುದು ಗೋಡೆಯ ಮೇಲಿನ ನಿಮ್ಮ ಹೆಸರನ್ನು.

ಈಗಾಗಲೇ ಕೊಟ್ಟಿದ್ದರೆ ಹಿಂದಕ್ಕೆ ತನ್ನಿ. ರಾಜೀನಾಮೆ ಪತ್ರದ ಒಂದು ಪ್ರತಿಯನ್ನು ಆ ಪ್ರದೇಶದ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ನೀವೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ತಿಳಿಸಬೇಕಾದದ್ದು ಅಂಗಡಿಯವರ ಹೊಣೆ. ಅವರು ತಿಳಿಸುತ್ತಾರೆಂದು ನಂಬಿ ಸುಮ್ಮನಿರಬೇಡಿ.

ಪ್ರಶ್ನೆ: ನೋಂದಣಿ ಆಗಿದೆ. ಸ್ವಂತ ಅಂಗಡಿಗೆ ಇನ್ನೇನು ಬೇಕು?
– ಓದುಗಿ, ಶಿರಸಿ

ಉತ್ತರ: ನೋಂದಣಿ ನಿಮ್ಮದು, ಲೈಸೆನ್ಸ್ ಅಂಗಡಿಯದು. ಫಾರ್ಮ್ 19ರಲ್ಲಿ ಅರ್ಜಿ ಹಾಕಿದರೆ ಚಿಲ್ಲರೆ ಮಾರಾಟಕ್ಕೆ ಫಾರ್ಮ್ 20 ಮತ್ತು 21ರ ಲೈಸೆನ್ಸ್ ಬರುತ್ತವೆ. ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು, ಚಿಲ್ಲರೆ ಮತ್ತು ಸಗಟು ಎರಡೂ ಆದರೆ 15. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಒಳಗೋಡೆಯಿಂದ ಒಳಗೋಡೆಗೆ ನೀವೇ ಟೇಪ್ ಹಿಡಿದು ಅಳೆಯಿರಿ. ಮುಂದಿನ ಜಗುಲಿಯನ್ನು ಲೆಕ್ಕಕ್ಕೆ ಸೇರಿಸಿ ಮೋಸಹೋದವರಿದ್ದಾರೆ. ಫ್ರಿಜ್ ಕಡ್ಡಾಯ. ಇನ್ಸುಲಿನ್, ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫ್ರೀಜರ್‌ಗೆ ಹೋದರೆ ಕೆಟ್ಟಂತೆಯೇ. ಮೊದಲ ದಿನದಿಂದಲೇ ಶೆಡ್ಯೂಲ್ ಎಚ್1 ಔಷಧಗಳಿಗೆ (ಕೆಲವು ಆ್ಯಂಟಿಬಯೊಟಿಕ್, ಕ್ಷಯದ ಔಷಧ, ಚಟ ಹಿಡಿಸುವ ಔಷಧಗಳ ಪಟ್ಟಿ) ಪ್ರತ್ಯೇಕ ಪುಸ್ತಕ ತೆರೆಯಿರಿ. ವೈದ್ಯರ ಮತ್ತು ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು.

ಪ್ರಶ್ನೆ: ಮದುವೆಯಾದ ಮೇಲೆ ಏಳೆಂಟು ವರ್ಷ ನೋಂದಣಿ ನವೀಕರಿಸಿಲ್ಲ. ಮತ್ತೆ ಪರೀಕ್ಷೆ ಬರೆಯಬೇಕೇ?
– ಓದುಗಿ, ಹಾಸನ

ಉತ್ತರ: ಬೇಡ, ಓದು ಎಲ್ಲಿಗೂ ಹೋಗಿಲ್ಲ. ಶುಲ್ಕ ಕಟ್ಟದಿದ್ದರೆ ಫಾರ್ಮಸಿ ಕಾಯ್ದೆಯ 34ನೇ ಕಲಮಿನಡಿ ಹೆಸರು ತೆಗೆಯುತ್ತಾರೆ, ಬಾಕಿ ಕಟ್ಟಿ ಅರ್ಜಿ ಕೊಟ್ಟರೆ ಮರಳಿ ಸೇರಿಸಿಕೊಳ್ಳಲು ಅವಕಾಶವಿದೆ. ಹೆಸರು ಮರಳುವವರೆಗೆ ಕೌಂಟರ್‌ನಲ್ಲಿ ನಿಲ್ಲಬೇಡಿ. 2015ರ ನಿಯಮದಂತೆ ಐದು ವರ್ಷದಲ್ಲಿ ಒಂದೊಂದು ದಿನದ ಎರಡು ಪುನಶ್ಚೇತನ ತರಬೇತಿಗಳಿಗೆ ಹಾಜರಾಗಬೇಕು, ಆ ಪ್ರಮಾಣಪತ್ರಗಳನ್ನು ಜೋಪಾನ ಮಾಡಿ.

ಪ್ರಶ್ನೆ: ನಾಲ್ಕು ವರ್ಷದ ಬಿ.ಫಾರ್ಮಾ ಮುಗಿಸಿದ್ದೇನೆ. ಫಾರ್ಮಸಿಸ್ಟ್ ಕೆಲಸಕ್ಕೆ ಹೋಗುವುದು ಅಮೆರಿಕಕ್ಕೋ ಕೆನಡಾಕ್ಕೋ?
– ಓದುಗ, ಮಂಗಳೂರು

ಉತ್ತರ: ಅಮೆರಿಕದ ಬಾಗಿಲು ಈ ಪದವಿಗೆ ಮುಚ್ಚಿದೆ. 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದ ವಿದೇಶಿಯರಿಗೆ ಕನಿಷ್ಠ ಐದು ವರ್ಷದ ಫಾರ್ಮಸಿ ಪದವಿ ಬೇಕು. ಮೇಲೆ ಎಂ.ಫಾರ್ಮಾ ಮಾಡಿ ವರ್ಷ ಕೂಡಿಸಿದರೂ ನಡೆಯುವುದಿಲ್ಲ. ಆರು ವರ್ಷದ ಫಾರ್ಮ್.ಡಿ ಆದವರು ಅರ್ಜಿ ಹಾಕಬಹುದು. ಕೆನಡಾದ ಪರೀಕ್ಷಾ ಮಂಡಳಿ ನಾಲ್ಕು ವರ್ಷದ ಪದವಿಯನ್ನು ಪರಿಗಣಿಸುತ್ತದೆ. ಮೊದಲು ದಾಖಲೆ ಪರಿಶೀಲನೆ, ಆಮೇಲೆ ಪರೀಕ್ಷೆಗಳು, ಕೊನೆಗೆ ನೀವು ನೆಲೆಸುವ ಪ್ರಾಂತ್ಯದ ಲೈಸೆನ್ಸ್.

ಎಲ್ಲಿಗೆ ಹೊರಟರೂ ರಾಜ್ಯ ಕೌನ್ಸಿಲ್‌ನಿಂದ ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ ಎಂಬ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಕೇಳುತ್ತಾರೆ. ಅದು ಸಿಗಲು ನೋಂದಣಿ ಚಾಲ್ತಿಯಲ್ಲಿರಬೇಕು. ನಮ್ಮ ಕಡೆಯವರು ತಪ್ಪದೆ ಸಿಕ್ಕಿಬೀಳುವ ಜಾಗ ಇನಿಷಿಯಲ್. ಎಸ್ಸೆಸ್ಸೆಲ್ಸಿಯಲ್ಲಿ "ಕೆ.ಎಸ್." ಎಂದಿದ್ದು ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದ್ದರೆ ಅಲ್ಲಿನವರಿಗೆ ಅದು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಇನಿಷಿಯಲ್ ಬಿಡಿಸಿದ ಅಫಿಡವಿಟ್ ಮಾಡಿಸಿ, ಮೊದಲು ಕೌನ್ಸಿಲ್ ರಿಜಿಸ್ಟರಿನಲ್ಲಿ ಪಾಸ್‌ಪೋರ್ಟಿನಂತೆ ಹೆಸರು ಸರಿಪಡಿಸಿಕೊಳ್ಳಿ. ವಿದೇಶದ ಅರ್ಜಿ ಶುಲ್ಕ ಕಟ್ಟುವುದು ಆಮೇಲೆ.